ಹೀಯಾಳಿಕೆಗೆ ನಲುಗುವ ಹದಿಹರೆಯ: ಬೇಕಾದದ್ದು ಮದ್ದಲ್ಲ, ಆಸರೆ

ಪ್ರತಿ ಸೋಮವಾರ ಬೆಳಿಗ್ಗೆ ಹುಡುಗನಿಗೆ ಹೊಟ್ಟೆನೋವು. ಭಾನುವಾರ ಇರುವುದಿಲ್ಲ, ದಸರೆಯ ರಜೆಯಲ್ಲೂ ಇರುವುದಿಲ್ಲ. ಜಂತುಹುಳುವಿನ ಗುಳಿಗೆ ನುಂಗಿಸಿದ್ದಾಯಿತು, ರಕ್ತ, ಮೂತ್ರ ಪರೀಕ್ಷೆ ಆಯಿತು, ಯಾದಗಿರಿಗೆ ಕರೆದೊಯ್ದು ಸ್ಕ್ಯಾನಿಂಗ್ ಕೂಡ ಮಾಡಿಸಿದ್ದಾಯಿತು. ಎಲ್ಲ ವರದಿಗಳೂ ಸರಿಯಾಗಿವೆ. ಶಾಲೆ ತಪ್ಪಿಸಲು ನಾಟಕ ಎಂದು ತಂದೆ ಗದರುತ್ತಾರೆ. ಯಾರದೋ ದೃಷ್ಟಿ ತಾಗಿದೆ ಎಂದು ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ನೋವು ಮಾತ್ರ ನಿಜವಾದದ್ದೇ. ಆದರೆ ಅದರ ಮೂಲ ಶಾಲೆಯ ದಾರಿಯಲ್ಲಿದೆ.

ಯಾದಗಿರಿ, ಶಹಾಪುರ, ಸುರಪುರದ ಕಡೆ ದವಾಖಾನೆ ನಡೆಸುವ ಯಾವ ವೈದ್ಯರಿಗೂ ಇಂಥ ಮಕ್ಕಳು ಹೊಸಬರಲ್ಲ. ಕಾರಣ ಹಲವು ಇರಬಹುದು: ಗಣಿತದ ಭಯ, ಮೇಷ್ಟ್ರ ಬೆತ್ತ, ಮನೆಯಲ್ಲಿ ದಿನವೂ ಜಗಳ. ಆದರೆ ಒಂದು ಕಾರಣವನ್ನು ಮಗುವೂ ಬಾಯಿಬಿಟ್ಟು ಹೇಳುವುದಿಲ್ಲ, ಹಿರಿಯರೂ ಕೇಳುವುದಿಲ್ಲ. ಹುಡುಗನ ನಡಿಗೆ, ದನಿ, ಕೈ ಆಡಿಸುವ ರೀತಿ ಇತರರಂತಿಲ್ಲವೆಂದು ಓರಗೆಯವರು ಅವನಿಗೆ ‘ಹೆಣ್ಣಿಗ’, ‘ಚಕ್ಕ’, ‘ಒಂಬತ್ತು’ ಎಂದು ಹೆಸರಿಟ್ಟಿರುತ್ತಾರೆ. ಕೂದಲು ಗಿಡ್ಡ ಮಾಡಿಸಿಕೊಂಡು ಹುಡುಗರ ಜೊತೆ ಆಡುವ ಹುಡುಗಿಗೆ ‘ಗಂಡುಬೀರಿ’ ಎಂಬ ಬಿರುದು. ಮೊದಲು ಮಾತಿನ ಕೀಟಲೆ, ಆಮೇಲೆ ಚೀಲ ಬಚ್ಚಿಡುವುದು, ಅಂಗಿ ಎಳೆಯುವುದು, ಶೌಚಾಲಯದಲ್ಲಿ ಸುತ್ತುವರಿಯುವುದು. ಈಗ ಅದರ ಜೊತೆಗೆ ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹಂಚುವುದು.

ಇಂಥ ಮಕ್ಕಳಲ್ಲಿ ಕೆಲವರು ತಮ್ಮದೇ ಲಿಂಗದವರತ್ತ ಒಲವುಳ್ಳವರು. ಕೆಲವರಿಗೆ ದೇಹ ಗಂಡಾದರೂ ಮನಸ್ಸು ತಾನು ಹೆಣ್ಣೆನ್ನುತ್ತದೆ, ಅಥವಾ ದೇಹ ಹೆಣ್ಣಾದರೂ ಮನಸ್ಸು ತಾನು ಗಂಡೆನ್ನುತ್ತದೆ. ಇವರನ್ನೆಲ್ಲ ಒಟ್ಟಾಗಿ ಇಂಗ್ಲಿಷಿನ ಅಕ್ಷರಗಳಲ್ಲಿ ‘ಎಲ್‌ಜಿಬಿಟಿಕ್ಯೂ’ ಎನ್ನುವುದನ್ನು ನೀವು ಓದಿರುತ್ತೀರಿ. ಕನ್ನಡದಲ್ಲಿ ಲೈಂಗಿಕ ಅಲ್ಪಸಂಖ್ಯಾತರು, ಲಿಂಗತ್ವ ಅಲ್ಪಸಂಖ್ಯಾತರು ಎನ್ನುತ್ತೇವೆ. ಇನ್ನು ಕೆಲವು ಮಕ್ಕಳು ಈ ಯಾವ ಗುಂಪಿಗೂ ಸೇರಿದವರಲ್ಲ, ಬರೀ ಮೆದು ಸ್ವಭಾವದವರು. ಹೀಯಾಳಿಸುವವರಿಗೆ ಈ ವ್ಯತ್ಯಾಸ ಬೇಕಿಲ್ಲ. ಆದ್ದರಿಂದ ‘ನಮ್ಮ ಹುಡುಗ ಅಂಥವನೇ?’ ಎಂಬ ಪ್ರಶ್ನೆಯನ್ನು ಬದಿಗಿಡಿ. ‘ನಮ್ಮ ಹುಡುಗನಿಗೆ ನೋವಾಗುತ್ತಿದೆಯೇ?’ ಎಂದು ಮೊದಲು ಕೇಳಿಕೊಳ್ಳಿ.

ಶರೀರ ಕೊಡುವ ಸೂಚನೆಗಳು

ಮಾತಿನಲ್ಲಿ ಹೇಳಲಾಗದ್ದನ್ನು ಮಕ್ಕಳು ಶರೀರದಲ್ಲಿ ಹೇಳುತ್ತಾರೆ. ಶಾಲೆಯ ದಿನಗಳಲ್ಲಿ ಮಾತ್ರ ಬರುವ ಹೊಟ್ಟೆನೋವು, ತಲೆನೋವು, ವಾಂತಿ. ನಿದ್ದೆ ಬಾರದಿರುವುದು, ಊಟ ಸೇರದಿರುವುದು. ಇದ್ದಕ್ಕಿದ್ದಂತೆ ಅಂಕಗಳು ಇಳಿಯುವುದು. ಹರಿದ ಅಂಗಿ, ಕಳೆದುಹೋದ ಪುಸ್ತಕಗಳಿಗೆ ಸರಿಯಾದ ಕಾರಣ ಹೇಳದಿರುವುದು. ಸಮೀಪದ ದಾರಿ ಬಿಟ್ಟು ಸುತ್ತುದಾರಿಯಲ್ಲಿ ಮನೆಗೆ ಬರುವುದು. ಇನ್ನೊಂದು ಸೂಚನೆಯನ್ನು ಪಾಲಕರು ಗಮನಿಸುವುದೇ ಇಲ್ಲ. ಶಾಲೆಯ ಶೌಚಾಲಯದಲ್ಲಿ ಕಾಡುತ್ತಾರೆಂದು ಕೆಲವು ಮಕ್ಕಳು ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ, ಸಂಜೆಯವರೆಗೆ ಮೂತ್ರ ಕಟ್ಟಿಕೊಂಡಿರುತ್ತಾರೆ. ನಮ್ಮ ಕಡೆಯ ಬಿಸಿಲಿನಲ್ಲಿ ಇದರ ಫಲ ಉರಿಮೂತ್ರ, ಸೋಂಕು, ತಲೆಸುತ್ತು. ಔಷಧಿಯಿಂದ ಸೋಂಕು ಹೋಗುತ್ತದೆ. ಕಾರಣ ಹೋಗದಿದ್ದರೆ ಸೋಂಕು ಮತ್ತೆ ಬರುತ್ತದೆ.

ಹೀಯಾಳಿಕೆಯ ಪರಿಣಾಮ ಅಷ್ಟಕ್ಕೇ ನಿಲ್ಲುವುದಿಲ್ಲ. ನೆರೆಯ ತಮಿಳುನಾಡಿನಲ್ಲಿ 371 ಮಂದಿ ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಯುವಜನರನ್ನು ಮಾತನಾಡಿಸಿ ಯುನೆಸ್ಕೊ ಸಂಸ್ಥೆ 2019ರಲ್ಲಿ ಒಂದು ವರದಿ ಪ್ರಕಟಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾಟಕ್ಕೆ ಅಂಜಿ ತರಗತಿ ತಪ್ಪಿಸಿದ್ದರು. ಮೂರರಲ್ಲಿ ಒಬ್ಬರು ಶಾಲೆಯನ್ನೇ ಬಿಟ್ಟಿದ್ದರು. ಶಾಲೆಯ ಹಿರಿಯರಿಗೆ ದೂರು ಕೊಟ್ಟವರು ನೂರಕ್ಕೆ 18 ಮಂದಿ ಮಾತ್ರ. 2011ರ ಜನಗಣತಿಯಲ್ಲಿ ಶೇ. 51.83ರ ಸಾಕ್ಷರತೆಯೊಂದಿಗೆ ರಾಜ್ಯದಲ್ಲೇ ಕೊನೆಯಲ್ಲಿದ್ದ ಜಿಲ್ಲೆ ನಮ್ಮದು. ಇಲ್ಲಿ ಒಂದು ಮಗು ಶಾಲೆ ಬಿಟ್ಟರೆ ಮುಂದಿನ ದಾರಿ ಹತ್ತಿಯ ಹೊಲ, ಇಲ್ಲವೇ ಗುಳೆ ಹೋಗುವ ಬಸ್ಸು. ತಂದೆತಾಯಿ ಬೆಂಗಳೂರು, ಮುಂಬೈಗೆ ದುಡಿಯಲು ಹೋಗಿ, ಮಗು ಅಜ್ಜಿಯ ಬಳಿಯಲ್ಲೋ ಹಾಸ್ಟೆಲಿನಲ್ಲೋ ಉಳಿದಿದ್ದರೆ ಅದರ ಪಾಡು ಕೇಳುವವರೂ ಇರುವುದಿಲ್ಲ.

ಇದು ಕಾಯಿಲೆಯೇ?

ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. ಲಿಂಗತ್ವದ ಭಿನ್ನತೆಯನ್ನೂ ಮಾನಸಿಕ ರೋಗಗಳ ಅಧ್ಯಾಯದಿಂದ ಹೊರತೆಗೆದ ಹೊಸ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಸಲಿಂಗ ಒಲವು ಮನೋರೋಗವಲ್ಲವೆಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಬಹಿರಂಗವಾಗಿಯೇ ಹೇಳಿತು.

‘ಹಾಗಾದರೆ ಇದು ಹೇಗೆ ಬಂತು? ನಾವು ಬೆಳೆಸಿದ್ದರಲ್ಲಿ ತಪ್ಪಾಯಿತೇ?’ ಎಂದು ತಾಯಂದಿರು ಕೊರಗುತ್ತಾರೆ. ಅಕ್ಕಂದಿರ ನಡುವೆ ಬೆಳೆದದ್ದರಿಂದ ಬಂತು, ಸಿನಿಮಾ ನೋಡಿ ಬಂತು, ಗ್ರಹಣದ ದೋಷದಿಂದ ಬಂತು ಎನ್ನುವ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಸುಮಾರು 4.7 ಲಕ್ಷ ಜನರ ವಂಶವಾಹಿಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಇದಕ್ಕೆ ಯಾವುದೇ ಒಂದು ವಂಶವಾಹಿ ಕಾರಣವಲ್ಲ, ಹಲವು ಅಂಶಗಳು ಸೇರಿವೆ ಎಂದು ತೋರಿಸಿತು. ಎಡಗೈ ಬಳಸುವ ಮಗುವನ್ನು ಯಾರೂ ಹಾಗೆ ಮಾಡಿರುವುದಿಲ್ಲ. ಇದೂ ಹಾಗೆಯೇ: ಮಗು ಬೇಕೆಂದು ಆರಿಸಿಕೊಂಡದ್ದಲ್ಲ, ತಾಯಿತಂದೆ ತಪ್ಪಿದ್ದಲ್ಲ.

ಕಾಯಿಲೆಯೇ ಅಲ್ಲದ್ದಕ್ಕೆ ಚಿಕಿತ್ಸೆ ಇಲ್ಲ. ಆದರೂ ಗಂಡಸುತನ ಬರಲೆಂದು ಇಂಜೆಕ್ಷನ್ ಚುಚ್ಚಿಸುವವರು, ತಾಯತ ಕಟ್ಟಿಸುವವರು, ಹೊಡೆಯುವವರು, ಉಪವಾಸ ಕೆಡವುವವರು ಇದ್ದಾರೆ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಂತೂ ಊರಿಗೆ ಹತ್ತು ಮಂದಿ. ಹುಡುಗಿಯ ವಿಷಯದಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. ಶಾಲೆ ಬಿಡಿಸಿ ಹದಿನಾರಕ್ಕೇ ಮದುವೆ ಗೊತ್ತುಮಾಡುತ್ತಾರೆ. 18 ತುಂಬದ ಹುಡುಗಿಯ ಮದುವೆ ಕಾನೂನಿನಂತೆ ಅಪರಾಧ. ಒಪ್ಪದ ಮನಸ್ಸಿನ ಮದುವೆಯಿಂದ ಒಂದರ ಬದಲು ಎರಡು ಬದುಕು ಹಾಳಾಗುತ್ತವೆ. ಒಲವನ್ನು ‘ಪರಿವರ್ತಿಸುತ್ತೇವೆ’ ಎನ್ನುವ ಚಿಕಿತ್ಸೆಯನ್ನು ಮದ್ರಾಸ್ ಹೈಕೋರ್ಟು 2021ರಲ್ಲಿ ಖಂಡಿಸಿತು. ಅದರ ಬೆನ್ನಿಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಸಾರಿತು. ಯಾವ ವೈದ್ಯರಾದರೂ ‘ಸರಿಮಾಡಿ ಕೊಡುತ್ತೇನೆ’ ಎಂದು ಹಣ ಕೇಳಿದರೆ ಎದ್ದು ಬನ್ನಿ.

ಹಾಗೆಂದು ದವಾಖಾನೆಗೆ ಹೋಗಲೇಬಾರದೆಂದಲ್ಲ. ಹೀಯಾಳಿಕೆಯಿಂದ ಬರುವ ಖಿನ್ನತೆ, ಭಯ, ನಿದ್ರಾಹೀನತೆಗೆ ಒಳ್ಳೆಯ ಚಿಕಿತ್ಸೆ ಇದೆ. ಗುಣಪಡಿಸಬೇಕಾದದ್ದು ಆ ಗಾಯವನ್ನು, ಮಗುವಿನ ಸ್ವಭಾವವನ್ನಲ್ಲ.

ನಮ್ಮ ನೆಲಕ್ಕೆ ಹೊಸದಲ್ಲ

ಇದೆಲ್ಲ ಪಟ್ಟಣದವರ ಶೋಕಿ, ಪರದೇಶದಿಂದ ಬಂದದ್ದು ಎನ್ನುವವರು ನಮ್ಮ ಸುರಪುರ ಸೀಮೆಯ ಮುದನೂರನ್ನು ನೆನೆಯಬೇಕು. ಅಲ್ಲಿಯ ದೇವರ ದಾಸಿಮಯ್ಯ ಶತಮಾನಗಳ ಹಿಂದೆಯೇ, ಹೊರಗಿನ ಗುರುತು ನೋಡಿ ಜನ ಹೆಣ್ಣು, ಗಂಡು ಎನ್ನುತ್ತಾರೆ, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲ ಎಂಬ ಅರ್ಥದ ವಚನ ನುಡಿದವರು. ಎಲ್ಲಮ್ಮ, ಹುಲಿಗೆಮ್ಮನ ಜೋಗಪ್ಪಂದಿರು ಪಡಲಿಗೆ ಹೊತ್ತು ಬಾಗಿಲಿಗೆ ಬಂದರೆ ನಮ್ಮ ಮನೆಗಳಲ್ಲಿ ಜೋಳ ನೀಡಿ ಕೈಮುಗಿಯುತ್ತಾರೆ. ಆದರೆ ಅದೇ ಲಕ್ಷಣ ತಮ್ಮ ಮಗುವಿನಲ್ಲಿ ಕಂಡರೆ ಸಹಿಸುವುದಿಲ್ಲ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬ ಗ್ರಾಮದ ಮಂಜುನಾಥ ಶೆಟ್ಟಿ ಎಂಬ ಹುಡುಗನೂ ಇದನ್ನೇ ಅನುಭವಿಸಿದ. ಮನೆಯವರು ಜೋಗಪ್ಪನ ದೀಕ್ಷೆ ಕೊಡಿಸಿದರು. ಮನೆ ದೂರವಾಯಿತು. ಹರೆಯದಲ್ಲಿ ಬದುಕು ಸಾಕೆನಿಸಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಉಳಿದುಕೊಂಡಾಗ, ಭಿಕ್ಷೆ ಬೇಡಿ ಹೊಟ್ಟೆ ಹೊರೆಯಬೇಕಾಯಿತು. ಮುಂದೆ ಜೋಗತಿ ಕುಣಿತ ಕೈಹಿಡಿಯಿತು. ಅವರೇ ಮಂಜಮ್ಮ ಜೋಗತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ಅವರ ಚಿತ್ರವನ್ನು ನಾಡೆಲ್ಲ ನೋಡಿತು. ಅಂಥವರ ಬದುಕಿನ ಕಥೆ ಎಷ್ಟೋ ಮಕ್ಕಳಿಗೆ ಧೈರ್ಯ ಕೊಡಬಲ್ಲದು. ಆದರೆ ಅಷ್ಟು ಸಂಕಟಪಟ್ಟೇ ಮೇಲೆ ಬರಬೇಕೆಂಬ ನಿಯಮವೇನಿಲ್ಲ. ನಿಮ್ಮ ಮಗು ಮನೆಯಲ್ಲೇ ಉಂಡು, ಶಾಲೆಯಲ್ಲೇ ಓದಿ ಮೇಲೆ ಬರಬಹುದು. 2021ರಲ್ಲಿ ಕರ್ನಾಟಕ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 1 ಮೀಸಲಾತಿ ತಂದಿತು. ಮರುವರ್ಷ ಶಾಲಾ ಶಿಕ್ಷಕರ ಆಯ್ಕೆಪಟ್ಟಿಯಲ್ಲಿ ಅಂಥ ಮೂವರ ಹೆಸರುಗಳು ಬಂದವು. ಓದು ಮುಗಿಸಿದ್ದರಿಂದಲೇ ಅವರಿಗೆ ಆ ಬಾಗಿಲು ತೆರೆಯಿತು.

ಕೈಯಲ್ಲಿರುವ ಮೊಬೈಲು

ಊರಿನಲ್ಲಿ ಯಾರಿಗೂ ಹೇಳಲಾಗದ ಮಗು ರಾತ್ರಿ ಚಾದರದೊಳಗೆ ಮೊಬೈಲು ಬೆಳಗಿಸುತ್ತದೆ. ತನ್ನಂಥವರು ಬೇರೆ ಊರುಗಳಲ್ಲಿ ಇದ್ದಾರೆ, ಓದಿದ್ದಾರೆ, ಉದ್ಯೋಗದಲ್ಲಿದ್ದಾರೆ, ನಗುತ್ತಿದ್ದಾರೆ ಎಂದು ಮೊದಲ ಬಾರಿಗೆ ಅದಕ್ಕೆ ತಿಳಿಯುತ್ತದೆ. ಅಮೆರಿಕದಲ್ಲಿ ಹೀಯಾಳಿಕೆಗೆ ನೊಂದ ಹಲವು ಹುಡುಗರು ಜೀವ ಕಳೆದುಕೊಂಡಾಗ, 2010ರಲ್ಲಿ ಡ್ಯಾನ್ ಸ್ಯಾವೇಜ್ ಮತ್ತು ಟೆರಿ ಮಿಲ್ಲರ್ ಎಂಬ ದಂಪತಿ ‘ಮುಂದೆ ದಿನಗಳು ಸುಧಾರಿಸುತ್ತವೆ’ ಎಂದು ಮಕ್ಕಳಿಗೆ ಹೇಳುವ ವಿಡಿಯೊ ಮಾಡಿ ಅಂತರ್ಜಾಲದಲ್ಲಿ ಹಾಕಿದರು. ಅದನ್ನು ನೋಡಿ ಸಾವಿರಾರು ಮಂದಿ ತಮ್ಮ ಕಥೆಯನ್ನೂ ಹೇಳಿದರು. ಒಂಟಿ ಮಗುವಿಗೆ ಇದು ಸಣ್ಣ ಸಹಾಯವಲ್ಲ. ಆದ್ದರಿಂದ ವಿಷಯ ತಿಳಿದ ಕೂಡಲೇ ಮೊಬೈಲು ಕಿತ್ತುಕೊಳ್ಳಬೇಡಿ. ಮಗುವಿಗೆ ಉಸಿರಾಡಲು ಇದ್ದ ಒಂದೇ ಕಿಟಕಿಯನ್ನು ಮುಚ್ಚಿದಂತಾದೀತು.

ಆದರೆ ಅದೇ ಮೊಬೈಲು ಇರಿಯುವುದೂ ಉಂಟು. 2023ರ ನವೆಂಬರಿನಲ್ಲಿ ಮಧ್ಯಪ್ರದೇಶದ ಉಜ್ಜಯಿನಿಯಲ್ಲಿ 16ರ ಬಾಲಕನೊಬ್ಬ ಸೀರೆಯುಟ್ಟ ವಿಡಿಯೊ ಹಾಕಿದ. ಅದಕ್ಕೆ ಸಾವಿರಾರು ಹೊಲಸು ಮಾತುಗಳು ಬಂದವು. ಆ ದಿನಗಳಲ್ಲೇ ಹುಡುಗ ಜೀವ ಕಳೆದುಕೊಂಡ. ಗೆಳೆತನದ ಸೋಗಿನಲ್ಲಿ ಚಿತ್ರ ತರಿಸಿಕೊಂಡು, ಮನೆಯವರಿಗೆ ಹೇಳುತ್ತೇನೆಂದು ಹೆದರಿಸಿ ಹಣ ಕೀಳುವವರೂ ಇದ್ದಾರೆ. ಮಕ್ಕಳಿಗೆ ಈ ಮಾತುಗಳನ್ನು ಸಮಾಧಾನದಿಂದ ತಿಳಿಸಿ:

* ಗುರುತಿಲ್ಲದವರಿಗೆ ಹೆಸರು, ಊರು, ಶಾಲೆ ಹೇಳಬಾರದು. ಖಾಸಗಿ ಚಿತ್ರ ಕಳಿಸಲೇಬಾರದು.
* ಕರೆದಲ್ಲಿಗೆ ಒಬ್ಬರೇ ಹೋಗಬಾರದು.
* ಬೈಗುಳಕ್ಕೆ ಉತ್ತರಿಸಬೇಡಿ. ಅದರ ಚಿತ್ರ ಉಳಿಸಿಟ್ಟುಕೊಂಡು ಆ ವ್ಯಕ್ತಿಯನ್ನು ತಡೆಹಿಡಿಯಿರಿ.
* ಯಾರಾದರೂ ಹೆದರಿಸಿದರೆ ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ, ಪೊಲೀಸರಿಗೆ ದೂರು ಕೊಡಿ.
* ಅಂತರ್ಜಾಲದಲ್ಲಿ ಓದಿ ಹಾರ್ಮೋನ್ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಅದರಿಂದ ರಕ್ತನಾಳಕ್ಕೆ, ಯಕೃತ್ತಿಗೆ ಅಪಾಯವಾಗಬಹುದು.

ದೂರದವರ ಧೈರ್ಯದ ಮಾತು ಮಗುವನ್ನು ಒಂದು ರಾತ್ರಿ ದಾಟಿಸಬಲ್ಲದು. ಬೆಳಗಾದರೆ ಅದು ಅದೇ ಶಾಲೆಯ ಗೇಟಿನೊಳಗೆ ಹೋಗಬೇಕು. ಅಲ್ಲಿಗೆ ಜೊತೆಗೆ ಬರಬೇಕಾದವರು ಹತ್ತಿರದವರು.

ಒಬ್ಬ ಹಿರಿಯರು ಸಾಕು

ಅಮೆರಿಕದಲ್ಲಿ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹರೆಯದಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಕಂಡವರು ಪ್ರಾಣ ಕಳೆದುಕೊಳ್ಳಲು ಯತ್ನಿಸಿದ ಪ್ರಮಾಣ ಇತರರಿಗಿಂತ 8 ಪಟ್ಟಿಗೂ ಹೆಚ್ಚಿತ್ತು. ಅದೇ ದೇಶದ ಟ್ರೆವರ್ ಪ್ರಾಜೆಕ್ಟ್ ಸಂಸ್ಥೆ 2019ರಲ್ಲಿ ಇನ್ನೊಂದು ವಿಷಯ ತಿಳಿಸಿತು: ತಮ್ಮನ್ನು ಇದ್ದಂತೆ ಒಪ್ಪಿಕೊಂಡ ಒಬ್ಬರಾದರೂ ಹಿರಿಯರಿದ್ದ ಮಕ್ಕಳಲ್ಲಿ ಅಂಥ ಯತ್ನಗಳು ಶೇ. 40ರಷ್ಟು ಕಡಿಮೆ. ಆ ಒಬ್ಬರು ತಾಯಿಯೇ ಆಗಬೇಕೆಂದಿಲ್ಲ. ಸೋದರಮಾವ, ಅತ್ತೆ, ಪಿ.ಟಿ. ಮೇಷ್ಟ್ರು, ಹಾಸ್ಟೆಲಿನ ವಾರ್ಡನ್, ಆಶಾ ಕಾರ್ಯಕರ್ತೆ, ಯಾರೂ ಆಗಬಹುದು. ಈ ಲೇಖನ ಓದುತ್ತಿರುವ ನೀವೂ ಆಗಬಹುದು.

ಮಗು ತಾನಾಗಿ ಬಾಯಿಬಿಟ್ಟಾಗ ಮೊದಲ ಐದು ನಿಮಿಷ ಬಹಳ ಮುಖ್ಯ. ಬೈಯಬೇಡಿ, ಅಳಬೇಡಿ, ‘ಯಾರ ಮುಂದೆಯೂ ಹೇಳಬೇಡ, ಮರ್ಯಾದೆ ಹೋಗುತ್ತದೆ’ ಎನ್ನಬೇಡಿ. ದೊಡ್ಡ ಉಪದೇಶವೂ ಬೇಕಿಲ್ಲ. ನಮ್ಮ ಮನೆಮಾತಿನಲ್ಲೇ ಹೇಳಿ: “ನೀ ನಮ್ಮ ಕೂಸು. ಯಾರು ಏನರೆ ಅನ್ನಲಿ, ನಾ ನಿನ್ನ ಸಂಗಾಟ ಅದೀನಿ. ಮೊದಲ ಉಣ್ಣು, ಆಮ್ಯಾಲ ಮಾತಾಡೋಣು.” ನಿಮಗೆ ಎಲ್ಲ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಅರ್ಥವಾಗಲು ತಿಂಗಳುಗಳು ಬೇಕಾಗಬಹುದು. ಮಗುವಿನ ಜೊತೆ ನಿಲ್ಲಲು ಅಷ್ಟು ಕಾಯಬೇಕಾಗಿಲ್ಲ.

ಮಗು ಹೇಳಿದ್ದನ್ನು ಅದರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳಬೇಡಿ. ಶಿಕ್ಷಕರೂ ವೈದ್ಯರೂ ಇದನ್ನು ವಿಶೇಷವಾಗಿ ನೆನಪಿಡಬೇಕು. ‘ನಿಮ್ಮ ಹುಡುಗ ಹೀಗೆ’ ಎಂದು ತಂದೆಗೆ ಹೇಳಿದ ಒಂದು ಮಾತಿನಿಂದ ಆ ಮಗು ರಾತ್ರಿ ಮನೆಯಿಂದ ಹೊರಬೀಳಬಹುದು. ಪ್ರಾಣಾಪಾಯವಿದ್ದಾಗ ಮಾತ್ರ, ಮಗುವಿಗೆ ತಿಳಿಸಿಯೇ, ನಂಬಿಕೆಯ ಇನ್ನೊಬ್ಬರ ನೆರವು ಪಡೆಯಬೇಕು.

ಶಾಲೆಯ ಹೊಣೆ

‘ಹುಡುಗರು ಅಂದ ಮೇಲೆ ಚೇಷ್ಟೆ ಇದ್ದದ್ದೇ’ ಎಂದು ತಳ್ಳಿಹಾಕುವುದು ಸುಲಭ. ‘ನೀನೇ ಸ್ವಲ್ಪ ಗಂಡಸಿನ ಹಾಗೆ ನಡೆ’ ಎಂದು ನೊಂದವನಿಗೇ ಬುದ್ಧಿ ಹೇಳುವುದು ಇನ್ನೂ ಸುಲಭ. ಎರಡೂ ತಪ್ಪು. ಪಾಲಕರು ಮುಖ್ಯೋಪಾಧ್ಯಾಯರನ್ನು ಕಂಡು ಯಾವ ದಿನ, ಎಲ್ಲಿ, ಯಾರು, ಏನು ಮಾಡಿದರೆಂಬುದನ್ನು ಬರೆದುಕೊಡಬೇಕು. ಮಗುವಿನ ಒಲವಿನ ವಿಷಯ ಅಲ್ಲಿ ಎತ್ತಬೇಕಾಗಿಲ್ಲ. ಕಾಟ ನಿಲ್ಲಬೇಕೆಂಬುದಷ್ಟೇ ಬೇಡಿಕೆ. ಶಿಕ್ಷಕರು ಬಿಡುವಿನ ವೇಳೆ ಶೌಚಾಲಯ, ಮೈದಾನದ ಮೂಲೆಗಳತ್ತ ಕಣ್ಣಿಟ್ಟರೆ ಅರ್ಧ ಕಾಟ ತಪ್ಪುತ್ತದೆ. ತರಗತಿಯಲ್ಲಿ ಮೇಷ್ಟ್ರೇ ಅಡ್ಡಹೆಸರು ಕರೆದು ನಗಿಸಿದರೆ ಉಳಿದವರಿಗೆ ಅಪ್ಪಣೆ ಸಿಕ್ಕಂತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಲೈಂಗಿಕವಾಗಿ ಮುಟ್ಟಿ ಪೀಡಿಸಿದರೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ, ನೊಂದ ಮಗು ಗಂಡಾಗಲಿ ಹೆಣ್ಣಾಗಲಿ. ಪದವಿ ಕಾಲೇಜುಗಳಲ್ಲಿ ಲೈಂಗಿಕ ಒಲವು, ಲಿಂಗತ್ವದ ಹೆಸರಿನಲ್ಲಿ ಕಾಡುವುದೂ ರ್‍ಯಾಗಿಂಗ್ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2016ರಲ್ಲೇ ಸ್ಪಷ್ಟಪಡಿಸಿದೆ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ. ‘ಪೊಲೀಸರಿಗೆ ಹಿಡಿದುಕೊಡುತ್ತೇವೆ’ ಎಂದು ಹೆದರಿಸುವವರಿಗೆ ಇದನ್ನು ತಿಳಿಸಿ.

ಅಪಾಯದ ಸೂಚನೆಗಳು

‘ನಾನಿರಬಾರದಿತ್ತು’ ಎನ್ನುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಎಲ್ಲರಿಂದ ದೂರ ಸರಿಯುವುದು, ಮೈಮೇಲೆ ತಾನೇ ಗಾಯ ಮಾಡಿಕೊಳ್ಳುವುದು ಕಂಡರೆ ನಾಳೆಗೆಂದು ಮುಂದೂಡಬೇಡಿ. ‘ಸಾಯುವ ಯೋಚನೆ ಬರುತ್ತದೆಯೇ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿನ ಭಾರ ಇಳಿಯುತ್ತದೆ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಹತ್ತಿ, ಭತ್ತಕ್ಕೆ ಹೊಡೆಯುವ ಕ್ರಿಮಿನಾಶಕ ಮನೆಯಲ್ಲಿದ್ದರೆ ಇಂದೇ ಹೊರಗೆ ಸಾಗಿಸಿ, ಬೀಗ ಹಾಕಿ. ಇದೊಂದೇ ಕೆಲಸ ಎಷ್ಟೋ ಜೀವ ಉಳಿಸುತ್ತದೆ.

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಯಿಂದಾಗಿ ನಿಮ್ಹಾನ್ಸ್‌ಗೆಂದು ಬೆಂಗಳೂರಿನ ರೈಲು ಹತ್ತುವ ಮೊದಲೇ ಆಪ್ತಸಲಹೆ ದೊರೆಯುತ್ತದೆ. ಮಕ್ಕಳ ಸಹಾಯವಾಣಿ 1098. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು, ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರ ‘ಸ್ನೇಹ ಕ್ಲಿನಿಕ್’ ಅನ್ನು ವಿಚಾರಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ.

ಹದಿಹರೆಯದ ಓದುಗರಿಗೆ ಎರಡು ಮಾತು

ಮನೆಗೆ ಬರುವ ಈ ಪತ್ರಿಕೆಯನ್ನು ನೀವೂ ಓದುತ್ತಿರಬಹುದು. ನಿಮ್ಮಲ್ಲಿ ಯಾವ ದೋಷವೂ ಇಲ್ಲ. ನಾನು ಯಾರು ಎಂಬ ಪ್ರಶ್ನೆಗೆ ಈಗಲೇ ಉತ್ತರ ಸಿಗಬೇಕೆಂದಿಲ್ಲ, ಸಿಕ್ಕರೂ ಎಲ್ಲರಿಗೂ ಹೇಳಬೇಕೆಂದಿಲ್ಲ. ಹೇಳಿದರೆ ಮನೆಯಿಂದ ಹೊರಹಾಕಬಹುದೆಂಬ ಭಯವಿದ್ದರೆ ತಡೆಯಿರಿ, ನಂಬಿಕೆಯ ಒಬ್ಬರನ್ನು ಹುಡುಕಿ. ಮೊದಲು ಕೇಳಿದವರು ಕಿವಿಗೊಡದಿದ್ದರೆ ಎರಡನೆಯವರನ್ನು ಕೇಳಿ. ಶಾಲೆ ಮಾತ್ರ ಬಿಡಬೇಡಿ. ನಾಲ್ಕು ಕಾಸು ಸಂಪಾದಿಸಿ ನಿಮ್ಮ ಕಾಲ ಮೇಲೆ ನೀವು ನಿಲ್ಲುವ ದಿನ ಬರುತ್ತದೆ.

ಗೆಳೆಯನೊಬ್ಬ ಹೀಯಾಳಿಕೆಗೆ ಗುರಿಯಾಗುತ್ತಿರುವುದನ್ನು ನೋಡುವವರು ನೀವಾಗಿದ್ದರೆ, ಹೊಡೆದಾಡಬೇಕಾಗಿಲ್ಲ. ನಗುವವರ ಜೊತೆ ನಗಬೇಡಿ. ಶಾಲೆ ಬಿಟ್ಟ ಮೇಲೆ ಮನೆಯವರೆಗೆ ಅವನ ಜೊತೆ ನಡೆಯಿರಿ. ಒಬ್ಬನೇ ಇದ್ದಾಗ ಕಾಡುವವರು ಇಬ್ಬರಿದ್ದಾಗ ಹಿಂದೆ ಸರಿಯುತ್ತಾರೆ.